ಬೀಗರ ಬಾಯಿಗೆ ಸಕ್ರಿ

ತಪ್ಪೆಲ್ಲ ಸೋಮವಾರದ್ದು. ಕರಿಬಸಪ್ಪನ ಮಗ ಅಜಯನಿಗೆ ಕನ್ಯೆ ನೋಡಲು ಮುಂಡಗೋಡ ಕಡೆಯ ಪಾಳಾಕ್ಕೆ ಹೋಗುವುದು ಸೋಮವಾರ ಎಂದು ಗೆಳೆಯ ಚನಬಸಪ್ಪ ಗೊತ್ತು ಮಾಡಿದ್ದ. ಕರಿಬಸಪ್ಪನ ರಕ್ತ ತೆಗೆಯುವುದು ಮಂಗಳವಾರ ಎಂದು ಡಾಕ್ಟರರು ಗೊತ್ತು ಮಾಡಿದ್ದರು. ಎರಡರ ನಡುವೆ ಇದ್ದದ್ದು ಒಂದೇ ರಾತ್ರಿ. ತಿಂದ ಸಿಹಿಯನ್ನು ಅಷ್ಟರೊಳಗೆ ಬಚ್ಚಿಡಲು ಮನುಷ್ಯನ ಮೈಯಲ್ಲಿ ಎಲ್ಲೂ ಜಾಗವಿಲ್ಲ ಎಂಬುದನ್ನು ಕರಿಬಸಪ್ಪ ಈಚೆಗಷ್ಟೇ ಕಲಿತಿದ್ದ.

ಕಲಿತದ್ದು ತಡವಾಗಿ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿರುವ ಕರಿಬಸಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ ಬಹಳ ವರ್ಷಗಳಾಗಿದ್ದವು. ಅವನು ಅದನ್ನು ದೂರದ ಸಂಬಂಧಿಕನ ಹಾಗೆ ನಡೆಸಿಕೊಂಡು ಬಂದಿದ್ದ. ಇದ್ದಾನೆಂದು ಗೊತ್ತು, ಆದರೆ ಮಾತಾಡಿಸಲು ಹೋಗುವುದಿಲ್ಲ. ನೆನಪಾದ ದಿನ ಗುಳಿಗೆ, ಹಬ್ಬವಿಲ್ಲದ ದಿನ ಪಥ್ಯ. ಹೀಗಿರುವಾಗ ಮಳೆಗಾಲದಲ್ಲಿ ಕಾಲಿನ ಹೆಬ್ಬೆರಳಿಗೆ ತಾಗಿದ ಸಣ್ಣ ಗಾಯ ದೀಪಾವಳಿ ಕಳೆದರೂ ಮಾಯಲಿಲ್ಲ. ಡಾಕ್ಟರರು ಬೆರಳನ್ನು ನೋಡಿದರು, ಆಮೇಲೆ ಬೆರಳಿನ ಯಜಮಾನನನ್ನು ನೋಡಿದರು.

"ಬೆರಳು ಉಳಿದದ್ದ ನಿಮ್ಮ ಪುಣ್ಯ. ಇನ್ನ ಮ್ಯಾಲೂ ಸಕ್ರಿ ಇಳೀಲಿಲ್ಲಂದ್ರ ದಿನಾ ಹೊಟ್ಟಿಗೆ ಇಂಜೆಕ್ಷನ್ ಚುಚ್ಚಿಕೋಬೇಕು."

ಕಾದ ಉಗಿಯ ಪೈಪನ್ನು ಬರಿಗೈಯಲ್ಲಿ ತಿರುವುವ ಕರಿಬಸಪ್ಪ ಸೂಜಿಯ ಮುಂದೆ ಎಳೆ ಕೂಸು. 'ಹೊಟ್ಟಿಗೆ' ಎಂಬ ಮಾತು ಕೇಳಿದಾಗಲೇ ಅವನ ಹೊಟ್ಟೆ ಬೆನ್ನಿಗೆ ಹೋಗಿ ಅಂಟಿಕೊಂಡಿತ್ತು.

ಅಂದಿನಿಂದ ಹೆಂಡತಿ ದ್ರಾಕ್ಷಾಯಣಿ ಮನೆಯ ಆಡಳಿತವನ್ನು ಕೈಗೆ ತೆಗೆದುಕೊಂಡಳು. ಸಕ್ಕರೆ ಡಬ್ಬಿ ಪಕ್ಕದ ರೀಟಾಬಾಯಿಯ ಮನೆಗೆ ವಲಸೆ ಹೋಯಿತು. ಜೋಳದ ರೊಟ್ಟಿ ಬಂತು, ಹಾಗಲಕಾಯಿ ಬಂತು, ಬೆಳಿಗ್ಗೆ ಎದ್ದು ನಡೆಯುವ ಶಿಕ್ಷೆ ಬಂತು. ಅವರಿದ್ದ ಅಂಬೇವಾಡಿಯ ಓಣಿಗೆ ಓಣಿಯೇ ಕಾವಲು ನಿಂತಿತು. ಸಂಜೆ ಅವನು ಮಿಠಾಯಿ ಅಂಗಡಿಯ ದಿಕ್ಕಿಗೆ ಮುಖ ತಿರುಗಿಸಿದರೆ ಸಾಕು, ಅಂಗಡಿಯವನೇ "ಕರಿಬಸಣ್ಣಾ, ಮನೀ ದಾರಿ ಆ ಕಡೆ" ಎನ್ನುತ್ತಿದ್ದ. ಬೆರಳು ಮಾಯಿತು, ಸಕ್ಕರೆಯೂ ಇಳಿಯಿತು. ಇಳಿಯದೆ ಉಳಿದದ್ದು ಆಸೆ ಒಂದೇ. ರಾತ್ರಿ ಕನಸಿನಲ್ಲಿ ಜಿಲೇಬಿ ತಿಂದು, ಬೆಳಿಗ್ಗೆ ಹೆಂಡತಿಯ ಎದುರು ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ.

"ಈ ಮಂಗಳವಾರ ರಕ್ತ ಸರಿ ಬಂತಂದ್ರ ಇಂಜೆಕ್ಷನ್ ಮಾತ ಬಿಟ್ಟಬಿಡೂಣು" ಎಂದಿದ್ದರು ಡಾಕ್ಟರರು.

ಮೊದಲ ಸಲ ಕನ್ಯೆ ನೋಡಲು ಗಂಡಸರು ಮಾತ್ರ ಹೋಗುವುದು ಆ ಮನೆತನದ ರೂಢಿ. ಆದ್ದರಿಂದ ದ್ರಾಕ್ಷಾಯಣಿ ಬಾಗಿಲಲ್ಲೇ ನಿಂತು, ಬಾಡಿಗೆ ಕಾರಿನ ಜುಜೆಯನ್ನು ಕರೆದಳು. ಜುಜೆ ಹಳಿಯಾಳ ಕಡೆಯ ಸಿದ್ದಿ ಮನೆತನದವ, ಅದೇ ಓಣಿಯವ, ದ್ರಾಕ್ಷಾಯಣಿಯ ಮಾತೆಂದರೆ ತಲೆಯ ಮೇಲೆ ಹೊತ್ತುಕೊಳ್ಳುವವ.

"ಜುಜೆ, ಇವರ ಬಾಯಿ ಮ್ಯಾಲೆ ಕಣ್ಣಿರ್ಲಿ. ರಸ್ತಾ ಮ್ಯಾಲೆ ಇರದಿದ್ರೂ ನಡೀತೈತಿ."

"ಚಿಂತಿ ಬಿಡ್ರಿ ವೈನಿ. ಹಲ್ಲಿಗೆ ಸಿಹಿ ತಾಗಿದ್ರ ಮೊದಲ ನಿಮಗ ಫೋನು, ಆಮ್ಯಾಲೆ ಅಣ್ಣಾರಿಗೆ ನೀರು."

ಹಳಿಯಾಳ ದಾಟಿದ ಮೇಲೆ ಚನಬಸಪ್ಪ ಬಾಯಿ ಬಿಟ್ಟ. ಅವನು ಮಿಲ್ಲಿನಲ್ಲಿ ಕರಿಬಸಪ್ಪನ ಜೊತೆಗಾರ. ಮಿಲ್ಲಿನ ಹೊರಗೆ ಸಂಬಂಧ ಕೂಡಿಸುವುದು ಅವನ ನಿಜವಾದ ಉದ್ಯೋಗ.

"ಕರಿಬಸಪ್ಪ, ಒಂದ ಮಾತು. ಅಲ್ಲಿ ಹೋಗಿ ನನಗ ಸಕ್ರಿ ಬ್ಯಾನಿ ಐತಿ ಅನಬ್ಯಾಡ. ಹಿಂದಿನ ಸಂಬಂಧ ಯಾಕ ಮುರೀತು? ತಂದೀಗಿದ್ದದ್ದು ಮಗಗ ಬರ್ತೈತಿ ಅಂತ ಅವರು ಹಿಂದ ಸರಿದ್ರು."

"ಹಂಗಾರ ಕೊಟ್ಟದ್ದು ತಿನ್ಲೇನು?"

"ಯಾಕ ತಿಂತೀ? ನಾಳೆ ನಿನ್ನ ರಕ್ತ ಐತಲ್ಲ."

"ಒಲ್ಲೆ ಅನ್ಲೇನು?"

"ಬೀಗರ ಮನ್ಯಾಗ ಸಿಹಿ ಒಲ್ಲೆ ಅಂದ್ರ ಹುಡುಗೀನ ಒಲ್ಲೆ ಅಂದಂಗ."

"ಮತ್ತೇನ ಮಾಡ್ಲೋ ಮಾರಾಯ?"

"ತಿಂದಂಗ ಮಾಡು" ಎಂದು ಚನಬಸಪ್ಪ ಕಿಟಕಿಯಾಚೆ ಗದ್ದೆ ನೋಡತೊಡಗಿದ.

ಮುಂದಿನ ಸೀಟಿನಲ್ಲಿದ್ದ ಅಜಯ ಹಿಂದೆ ತಿರುಗಿದ. ಕಾಳಿ ಹೊಳೆಯ ಸೆಳವಿನಲ್ಲಿ ಪ್ರವಾಸಿಗಳನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಇಳಿಯುವ ಹುಡುಗ, ಈಗ ನೀರಿಗೆ ಬಿದ್ದವನ ಹಾಗೆ ಕಾಣುತ್ತಿದ್ದ. "ಅಪ್ಪಾ, ಫೋಟೋದಾಗ ನೋಡೇನಿ. ನನಗ ಹುಡುಗಿ ಮನಸಿಗೆ ಬಂದಾಳ. ಸ್ವಲ್ಪ ಸಂಭಾಳಿಸು."

ಕರಿಬಸಪ್ಪ ಸಂಭಾಳಿಸಲು ಹೊರಟ. ಹುಡುಗಿಯ ಹೆಸರು ಮಧುಮತಿ ಎಂದು ಕೇಳಿದಾಗಲೇ ಅವನಿಗೆ ಕಾಲ ಸರಿಯಿಲ್ಲ ಅನಿಸಿತ್ತು.

ಪಾಳಾದ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದಂತೆಯೇ ಮೊದಲ ಪೆಟ್ಟು ಬಿತ್ತು. ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ. ಹುಡುಗಿಯ ತಂದೆ ಪರಸಪ್ಪ ತಾನೇ ಎತ್ತಿ ಕೊಟ್ಟ. ದಪ್ಪ ಮೀಸೆಯ, ಕಡಿಮೆ ಮಾತಿನ ರೈತ. ಕರಿಬಸಪ್ಪ ಬೆಲ್ಲವನ್ನು ಬಾಯಿಯವರೆಗೆ ಒಯ್ದು, ಕೆಮ್ಮಿ, ಕೈ ಕೆಳಗಿಳಿಸಿ, ಎಡಪಕ್ಕದಲ್ಲಿದ್ದ ಜುಜೆಯ ಅಂಗೈಯೊಳಗೆ ತುರುಕಿದ. ಜುಜೆ ಅದನ್ನು ಕರ್ತವ್ಯವೆಂದು ತಿಂದ.

ಆಮೇಲೆ ಶಿರಾ ಬಂತು. ಬಿಸಿ ತುಪ್ಪದಲ್ಲಿ ಗೋಡಂಬಿಗಳು ಸುಖವಾಗಿ ಮಲಗಿದ್ದವು. ವಾಸನೆಗೆ ಕರಿಬಸಪ್ಪನ ಕಣ್ಣು ತಂತಾನೇ ಮುಚ್ಚಿತು.

"ಇವತ್ತ ಸೋಮವಾರ ನೋಡ್ರಿ. ನನ್ನದು ಒಪ್ಪತ್ತು" ಎಂದ, ಕಣ್ಣು ಮುಚ್ಚಿದ್ದು ಭಕ್ತಿಗೆ ಎಂಬಂತೆ.

ಪರಸಪ್ಪನ ತಾಯಿ ಹೊಳೆವ್ವ ಬಾಗಿಲ ಹತ್ತಿರ ಕುಳಿತಿದ್ದಳು. ಶಿವಭಕ್ತ ಬೀಗನನ್ನು ಕಂಡು ಆಕೆಯ ಮುಖ ಅರಳಿತು. "ಎಷ್ಟ ಚಲೋ ಮಾತಾತು. ಏ ಹುಡುಗ್ಯಾರ, ಉಪಾಸದ್ದು ತರ್ರಿ."

ಉಪವಾಸಕ್ಕೆ ಬಂದದ್ದು ಸಕ್ಕರೆ ತೇಲಿಸಿದ ಹಾಲು, ಬಾಳೆಹಣ್ಣು, ಮುಷ್ಟಿಗಾತ್ರದ ಶೇಂಗಾ ಉಂಡಿ. ಶಿರಾ ಹೋಗಿ ಅದರ ಮೂವರು ಅಣ್ಣತಮ್ಮಂದಿರು ಬಂದ ಹಾಗಾಯಿತು. ಹೊಳೆವ್ವ ಒಳಗೆ ತಿರುಗಿದಾಗಲೆಲ್ಲ ಹಾಲು, ಹಣ್ಣು, ಉಂಡಿ ಒಂದೊಂದಾಗಿ ಎಡಕ್ಕೆ ಸರಿದವು. ನಾಲ್ಕನೆಯ ಉಂಡಿಗೆ ಜುಜೆ ಕಿವಿಯಲ್ಲಿ ಉಸುರಿದ. "ಅಣ್ಣಾರ, ವೈನಿ ನಿಮ್ಮ ಬಾಯಿ ಕಾಯಂದಾರ. ನನ್ನ ಹೊಟ್ಟಿ ಯಾರ ಕಾಯಬೇಕು?"

"ಇನ್ನೊಂದು. ಅಜಯನ ಲಗ್ನಕ್ಕ."

"ಹಿಂಗಾದ್ರ ಅವನ ಲಗ್ನದಾಗ ನನ್ನ ತಿಥಿ ಊಟಾನೂ ಆಗ್ತೈತಿ."

ಚಹಾದ ತಾಟು ಹಿಡಿದು ಮಧುಮತಿ ಬಂದಳು. ಮುಂಡಗೋಡದ ಒಂದು ಆಸ್ಪತ್ರೆಯಲ್ಲಿ ನರ್ಸು. ಮುಖ ಶಾಂತ, ಕಣ್ಣು ಚುರುಕು. ಅಜಯ ಕಪ್ಪು ತೆಗೆದುಕೊಳ್ಳುವ ಭರದಲ್ಲಿ ಬರಿ ಸಾಸರನ್ನು ಎತ್ತಿಕೊಂಡ. ಕರಿಬಸಪ್ಪ ಮಾತ್ರ ಕಪ್ಪನ್ನು ಮುಟ್ಟಲಿಲ್ಲ. ದವಡೆ ಹಿಡಿದು, "ಹಲ್ಲು ಬ್ಯಾನಿ. ಬಿಸಿ ತಾಳೂದಿಲ್ಲ" ಎಂದ.

"ಹಲ್ಲಾದ್ರ ಮೆತ್ತಗಿಂದು ತಿನ್ರಿ" ಎಂದು ಹೊಳೆವ್ವ ಮತ್ತೆ ಶಿರಾದ ಬಟ್ಟಲನ್ನೇ ಮುಂದಿಟ್ಟಳು. ಒಪ್ಪತ್ತಿನ ನೆನಪು ಆಕೆಗೆ ಬೇಕಾದಾಗ ಬರುತ್ತಿತ್ತು, ಬೇಡವಾದಾಗ ಹೋಗುತ್ತಿತ್ತು. ಕರಿಬಸಪ್ಪ ಬಟ್ಟಲನ್ನು ನೋಡಿದ. ಬಟ್ಟಲು ಕರಿಬಸಪ್ಪನನ್ನು ನೋಡಿತು. ಅವನು ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

ಹೊಳೆವ್ವ ಸೆರಗು ಬಿಗಿದುಕೊಂಡಳು. "ಬಂದಾಗಿಂದ ನೋಡಾಕತ್ತೇನಿ. ಬೀಗರು ನಮ್ಮನೀದು ಏನೂ ಬಾಯಿಗೆ ಹಚ್ಚವಲ್ರು. ಸಂಬಂಧ ಮನಸಿಗೆ ಬಂದಿಲ್ಲಂದ್ರ ಬಾಯಿಬಿಟ್ಟ ಹೇಳ್ರಿ. ನಾವೇನ ಕಟ್ಟಿಹಾಕೂದಿಲ್ಲ."

ಅಜಯ ಚನಬಸಪ್ಪನ ಅಂಗಿ ಜಗ್ಗಿದ. ಚನಬಸಪ್ಪನಿಗೆ ತನ್ನ ಹೆಸರು ಕೆಡುವುದು ಕಾಣಿಸಿತು. ಅವನು ಎದ್ದು ನಿಂತ.

"ಏನ ಮಾತಬೇ ಅದು? ಬಾಯಿಗೆ ಹಚ್ಚೂದು ಸಕ್ರೀನ ಹಚ್ಚೂಣು. ತರ್ರಿ ಸಕ್ರಿ ತಾಟು. ಹಿರ‍್ಯಾರು ಸಕ್ರಿ ತಿಂದ್ರ ಅರ್ಧಾ ಲಗ್ನ ಆದಂಗ. ಉಳದ ಅರ್ಧಾ ಹುಡುಗಿ ಹೇಳ್ಲಿ."

ತಾಟು ಬಂತು. ಎಲ್ಲರ ಕಣ್ಣೆದುರು ಪರಸಪ್ಪ ಒಂದು ಚಿಟಿಕೆ ಸಕ್ಕರೆಯನ್ನು ಕರಿಬಸಪ್ಪನ ಬಾಯಿಗೆ ಹಾಕಿದ. ಕರಿಬಸಪ್ಪ ಒಂದು ಚಿಟಿಕೆಯನ್ನು ಪರಸಪ್ಪನ ಬಾಯಿಗೆ ಹಾಕಿದ. ಇದನ್ನು ಎಡಕ್ಕೆ ದಾಟಿಸುವಂತಿರಲಿಲ್ಲ. ತಿಂಗಳುಗಟ್ಟಲೆ ಹಾಗಲಕಾಯಿ ಕಂಡಿದ್ದ ನಾಲಿಗೆ ಮದುವಣಗಿತ್ತಿಯ ಹಾಗೆ ಕಂಪಿಸಿತು. ನುಂಗು, ನುಂಗು ಎಂದಿತು. ಕರಿಬಸಪ್ಪ ಸೂಜಿಯನ್ನು ನೆನೆದು, ಸಕ್ಕರೆಯನ್ನು ಕೆನ್ನೆಯೊಳಗೆ ಒತ್ತಿಟ್ಟು, ತುಟಿ ಹೊಲಿದುಕೊಂಡ.

"ಈಗ ನೀ ಹೇಳವಾ" ಎಂದ ಚನಬಸಪ್ಪ ಮಧುಮತಿಗೆ.

"ನಾ ಒಂದ್ಹತ್ತು ಮಿನಿಟು ವಿಚಾರ ಮಾಡಿ ಹೇಳ್ತೇನ್ರಿ ಕಾಕಾ" ಎಂದು ಆಕೆ ಒಳಗೆ ಹೋದಳು.

ಕರಿಬಸಪ್ಪ ಕಿರುಬೆರಳು ತೋರಿಸಿ ಹಿತ್ತಲಿಗೆ ಓಡಿದ. ಬಚ್ಚಲ ಕಲ್ಲಿನ ಹತ್ತಿರ ಬಗ್ಗಿ ಉಗುಳಿ, ಬಾಯಿ ಮುಕ್ಕಳಿಸಿ ತಲೆಯೆತ್ತಿದರೆ, ಕಲ್ಲಿನ ಆ ಬದಿಗೆ ಬಗ್ಗಿ ಇನ್ನೊಬ್ಬರು ಉಗುಳುತ್ತಿದ್ದರು. ಪರಸಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಿಮಗೂ ಐತೇನ್ರಿ?" ಎಂದ ಪರಸಪ್ಪ.

"ಐತ್ರಿ. ನಿಮಗ?"

"ಹೇಳಿದ್ರ ಸಂಬಂಧ ತಪ್ಪೀತಂತ ಹೇಳಿದ್ದಿಲ್ರಿ."

"ನಾವೂ ಅದಕ್ಕ ಹೇಳಿದ್ದಿಲ್ರಿ."

ಬೆಳಗಿನಿಂದ ಕಡಿಮೆ ಮಾತಾಡಿದ್ದ ಪರಸಪ್ಪ ನಕ್ಕುಬಿಟ್ಟ. ಹಳೆಯ ಪೈಲ್ವಾನರಿಬ್ಬರು ಗರಡಿಯ ಸುದ್ದಿ ತೆಗೆದ ಹಾಗೆ ಇಬ್ಬರೂ ತಮ್ಮ ತಮ್ಮ ಅಂಕಿ, ಗುಳಿಗೆ, ಡಾಕ್ಟರರ ಬೈಗುಳಗಳನ್ನು ಹಂಚಿಕೊಂಡರು. ಕರಿಬಸಪ್ಪನಿಗೆ ಮೈ ಹಗುರಾಯಿತು. ಒಳಗೆ ಅಷ್ಟೊಂದು ಜನ ಮುತ್ತಿಗೆ ಹಾಕಿದರೂ ಅವನ ಗಂಟಲು ದಾಟಿ ಒಂದು ಹರಳೂ ಹೋಗಿರಲಿಲ್ಲ.

"ಇಲ್ಲಿ ನಿಂದ್ರಬ್ಯಾಡ್ರಿ. ಕಿಡಕಿಗೆ ಕಾಣ್ತೈತಿ. ಬರ್ರಿ ಈ ಕಡೆ" ಎಂದು ಪರಸಪ್ಪ ಅವನನ್ನು ದನದ ಕೊಟ್ಟಿಗೆಗೆ ಕರೆದೊಯ್ದ. ಎಮ್ಮೆಯ ಪಕ್ಕದಲ್ಲಿದ್ದ ಹಿಂಡಿಯ ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಬೆಲ್ಲದ ಅಚ್ಚೊಂದನ್ನು ಹೊರತೆಗೆದ. ಹೊಸ ಬೆಲ್ಲ, ಹೊಂಬಣ್ಣ, ಬಿಸಿಲಿಗೆ ಮೆತ್ತಗಾಗಿತ್ತು.

"ಬ್ಯಾಡ್ರಿ ಬೀಗರ. ನಾಳೆ ನನ್ನ ರಕ್ತ ಐತಿ."

"ಇದು ಸಕ್ರಿ ಅಲ್ರಿ, ಬೆಲ್ಲ. ಡಾಕ್ಟರ್ರು ನನಗ ಸಕ್ರಿ ಬಿಡು ಅಂದಾರ. ಬೆಲ್ಲದ ಸುದ್ದೀನ ತಗದಿಲ್ಲ."

"ಕೇಳಿದ್ರೇನು?"

"ಕೇಳಿದ್ರ ತಗೀತಾರಲ್ರಿ."

ಈ ವಾದದಲ್ಲಿ ಎಲ್ಲೋ ಒಂದು ತೂತಿದೆ ಎಂದು ಕರಿಬಸಪ್ಪನಿಗೆ ಅನಿಸಿತು. ಆದರೆ ಅಷ್ಟರಲ್ಲಿ ಪರಸಪ್ಪ ಅಚ್ಚನ್ನು ಮುರಿದಿದ್ದ. ಒತ್ತಾಯ ಮಾಡುವವರಿದ್ದಾಗ ಬೇಡ ಎನ್ನುವುದು ಸುಲಭ. ಇಲ್ಲಿ ಒತ್ತಾಯ ಮಾಡುವವರು ಯಾರೂ ಇರಲಿಲ್ಲ. ತನ್ನಂತೆಯೇ ನೊಂದ ಜೀವವೊಂದು ಪ್ರೀತಿಯಿಂದ ಕೈಚಾಚಿತ್ತು, ಅಷ್ಟೇ. ಕರಿಬಸಪ್ಪ ಒಂದು ಚೂರು ತೆಗೆದುಕೊಂಡ. ಆ ಚೂರು ಒಂಟಿಯಾಗುತ್ತದೆಂದು ಇನ್ನೊಂದು ತೆಗೆದುಕೊಂಡ. ಆಮೇಲೆ ಇಬ್ಬರೂ ಮಾತು ಬಿಟ್ಟು, ಎಮ್ಮೆಯ ಜೊತೆ ತಾವೂ ಮೆಲುಕು ಹಾಕುತ್ತ ನಿಂತರು. ಅಚ್ಚು ಅರ್ಧವಾಯಿತು, ಅರ್ಧದ ಅರ್ಧವಾಯಿತು.

"ಅಪ್ಪಾ" ಎಂಬ ದನಿ ಕೇಳಿತು.

ಪರಸಪ್ಪ ಬಟ್ಟೆಯನ್ನು ಚೀಲಕ್ಕೆ ಎಸೆದ. ಕರಿಬಸಪ್ಪನ ಬಾಯಲ್ಲಿ ಕೊನೆಯ ತುಂಡು ಇತ್ತು. ಮಧುಮತಿ ಬಾಗಿಲಲ್ಲಿ ನಿಂತಿದ್ದಳು, ಆಕೆಯ ಹಿಂದೆ ಚನಬಸಪ್ಪ, ಅಜಯ, ಹೊಟ್ಟೆ ಹಿಡಿದುಕೊಂಡ ಜುಜೆ.

"ಮಾವಾರ, ನಾ ಒಪ್ಪೇನ್ರಿ" ಎಂದಳು. "ಹುಡುಗನ್ನ ನೋಡಿ ಅರ್ಧಾ, ನಿಮ್ಮನ್ನ ನೋಡಿ ಅರ್ಧಾ."

ಕರಿಬಸಪ್ಪ ಮುಚ್ಚಿದ ಬಾಯಲ್ಲೇ ಹುಬ್ಬೇರಿಸಿದ.

"ನಿಮಗ ಸಕ್ರಿ ಐತಂತ ನನಗ ಶಿರಾ ಸರಿಸಿದಾಗನ ಗೊತ್ತಾತ್ರಿ. ದಿನಾ ಇಂಥವರನ್ನ ನೋಡ್ತೇನಿ. ಆದ್ರ ಇಷ್ಟ ಮಂದಿ ಮುಂದ ಮಾಡಿದ್ರೂ ಒಂದ ತುತ್ತು ತಿನ್ನಲಾರದವರನ್ನ ಇವತ್ತ ನೋಡಿದ್ದು. ಬಾಯಾಗ ಹಾಕಿದ ಸಕ್ರೀನೂ ನೀವು ಉಗುಳಿದ್ದು ಕಿಡಕ್ಯಾಗಿಂದ ಕಾಣ್ತು. ನಮ್ಮಪ್ಪಗೂ ಅದ ಬ್ಯಾನಿ. ಹೇಳಿ ಹೇಳಿ ನನ್ನ ಬಾಯಿ ನೋವಾಗೈತಿ. ನಿಮ್ಮಂಥವರ ಮನೀಗೆ ಹೋದ್ರ ಇವರಿಗೂ ನಾಲ್ಕ ಬುದ್ಧಿ ಬರ್ತಾವು."

ಜುಜೆಯ ಎದೆ ಹೆಮ್ಮೆಯಿಂದ ಉಬ್ಬಿತು. ಪರಸಪ್ಪ ಎಮ್ಮೆಯ ಕೊಂಬನ್ನು ಬಹಳ ಆಸ್ಥೆಯಿಂದ ಪರೀಕ್ಷಿಸತೊಡಗಿದ. ಕರಿಬಸಪ್ಪ ತಲೆಯಾಡಿಸುತ್ತ, ಬೆಲ್ಲವನ್ನು ಇಡಿಯಾಗಿ ನುಂಗಿದ. ಅವನ ಮೌನವನ್ನು ಎಲ್ಲರೂ ವಿನಯವೆಂದು ತಿಳಿದರು.

ಮಧುಮತಿ ಕೈಯಲ್ಲಿದ್ದ ಸಣ್ಣ ಚೀಲದಿಂದ ಸಕ್ಕರೆ ನೋಡುವ ಯಂತ್ರ ತೆಗೆದಳು. "ಒಂದ ಬೆರಳ ಕೊಡ್ರಿ ಮಾವಾರ. ಪಥ್ಯ ಮಾಡಿದವರ ರಕ್ತ ಹೆಂಗಿರ್ತೈತಿ ಅಂತ ಅಪ್ಪ ಕಣ್ಣಾರೆ ನೋಡ್ಲಿ."

ಕರಿಬಸಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಕೊಡು ಅಪ್ಪಾ, ಸೂಜಿ ಸಣ್ಣದೈತಿ" ಎಂದು ಅಜಯ ಪ್ರೀತಿಯಿಂದ ಒಂದು ಕೈಯನ್ನು ಎಳೆದು ಮುಂದೆ ತಂದ. ಮಧುಮತಿ ಸ್ಪಿರಿಟಿನ ಹತ್ತಿಯಿಂದ ಬೆರಳು ಒರೆಸಿ ಕೈ ಹಿಂದೆಗೆದಳು. ಹತ್ತಿ ಬರಲಿಲ್ಲ. ಅದು ಬೆರಳಿಗೆ ಅಂಟಿಕೊಂಡು, ಅಲ್ಲೇ ನೆಟ್ಟಗೆ ನಿಂತಿತು.

ಆಕೆ ಹತ್ತಿಯನ್ನು ನೋಡಿದಳು. ತಂದೆಯ ಮೀಸೆಗೆ ಅಂಟಿದ ಹೊಂಬಣ್ಣದ ಚೂರನ್ನು ನೋಡಿದಳು. ಹಿಂಡಿಯ ಚೀಲವನ್ನು ನೋಡಿದಳು.

"ಕೈ ತೊಳಕೊಂಡ ಬರ್ರಿ" ಎಂದಳು.

ತೊಳೆದ ಬೆರಳಿನಿಂದ ಬಂದ ಅಂಕಿಯನ್ನು ಮಧುಮತಿ ಗಟ್ಟಿಯಾಗಿ ಓದಲಿಲ್ಲ. ಯಂತ್ರವನ್ನು ತಿರುಗಿಸಿ ತೋರಿಸಿದಳಷ್ಟೇ. ಜುಜೆ ಬಗ್ಗಿ ನೋಡಿ, ಜೇಬಿನಿಂದ ಫೋನು ತೆಗೆದು, ಕೊಟ್ಟಿಗೆಯ ಹೊರಗೆ ನಡೆದ.

"ಹುಡುಗೀ, ಒಪ್ಪೇನಂದದ್ದು..." ಎಂದು ಚನಬಸಪ್ಪ ತೊದಲಿದ.

"ಒಪ್ಪೇನಂದ್ರ ಒಪ್ಪೇನ್ರಿ ಕಾಕಾ. ಮೊದಲ ಬರೇ ಸೊಸಿ ಆಗಿ ಹೋಗಾಕಿದ್ದೆ. ಈಗ ಆ ಮನ್ಯಾಗ ನನಗ ಕೆಲಸಾನೂ ಐತಿ." ಆಕೆ ಕರಿಬಸಪ್ಪನ ಕಡೆ ತಿರುಗಿ, ಆಸ್ಪತ್ರೆಯಲ್ಲಿ ಅಳುವ ಮಕ್ಕಳೊಂದಿಗೆ ಮಾತಾಡುವ ದನಿ ತೆಗೆದಳು. "ನೀವು ಹೆದರಬ್ಯಾಡ್ರಿ ಮಾವಾರ. ನಾಳೆ ಡಾಕ್ಟರ್ರು ಇಂಜೆಕ್ಷನ್ ಬರದ್ರೂ ಹೊರಗ ಹೋಗೂದು ಬ್ಯಾಡ, ನೀವ ಚುಚ್ಚಿಕೊಳ್ಳೂದೂ ಬ್ಯಾಡ. ಲಗ್ನಾದ ಮರುದಿನದಿಂದ ದಿನಾ ಮುಂಜಾನೆ ನಾನ ಹಾಕ್ತೇನಿ."

ಜುಜೆ ಫೋನು ಹಿಡಿದು ಒಳಗೆ ಬಂದ. ದ್ರಾಕ್ಷಾಯಣಿಯ ದನಿ ಕೊಟ್ಟಿಗೆಯ ತುಂಬ ಕೇಳುತ್ತಿತ್ತು. ಆಕೆ ಗಂಡನನ್ನು ಕೇಳಲಿಲ್ಲ, ಬೀಗರನ್ನೂ ಕೇಳಲಿಲ್ಲ.

"ಆ ಹುಡುಗಿ ಕೈಗೆ ಫೋನು ಕೊಡು ಜುಜೆ" ಎಂದಳು. "ಲಗ್ನ ಈ ತಿಂಗಳದಾಗ ಮುಗಿಸೂಣು. ಒಬ್ಬಾಕೀನ ಎರಡೂ ಪಾಳಿ ಕಾವಲು ಮಾಡಿ ನನಗ ಸಾಕಾಗೈತಿ."