ಕೋದಂಡಪ್ಪನ ಗೊರಕೆ

ಎಲ್ಲಕ್ಕೂ ಮೂಲ ಕೋದಂಡಪ್ಪನ ಗೊರಕೆ. ಬಂಗಾರಪೇಟೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಈ ಸಾಧು ಮನುಷ್ಯ ಎಚ್ಚರವಿದ್ದಾಗ ಯಾರೊಂದಿಗೂ ಗಟ್ಟಿಯಾಗಿ ಮಾತಾಡಿದವನಲ್ಲ. ಹಗಲೆಲ್ಲ ನುಂಗಿಕೊಂಡದ್ದನ್ನು ನಿದ್ದೆಯಲ್ಲಿ ಹೊರಗೆ ಹಾಕುತ್ತಿದ್ದ ಎಂದು ಕಾಣುತ್ತದೆ.

ಹೆಂಡತಿ ವೆಂಕಟರತ್ನಮ್ಮ ಬಾಣಂತನ ಮುಗಿಸಿ, ಮೂರು ತಿಂಗಳ ಗಂಡುಕೂಸಿನೊಂದಿಗೆ ಕೆಜಿಎಫ್‌ನ ತವರಿನಿಂದ ಬಂದ ದಿನವೇ ಎದುರುಮನೆಯ ಅಕ್ಕಯ್ಯಮ್ಮ ಹೊಸಿಲಲ್ಲಿ ನಿಂತು ತೀರ್ಪು ಕೊಟ್ಟಿದ್ದಳು.

"ನೋಡಪ್ಪಾ ಕೋದಂಡ, ನಿನ್ನ ಗೊರಕೆಗೆ ನಮ್ಮ ಎಮ್ಮೇನೇ ಅಗ್ಗ ಕಿತ್ಕೊಂತದೆ. ಅಸಿಗೂಸು ಎದರ್ಕೊಂಡು ಜ್ವರ ಬಂದ್ರೆ ಏನ್ ಮಾಡ್ತೀಯಾ? ನೀನು ಮನೇಲಿ ಮಲಗಬ್ಯಾಡ."

ಮಗನಿಗಾಗಿ ಏನು ತಾನೇ ಮಾಡಬಾರದು? ಕೋದಂಡಪ್ಪ ದಿಂಬು ಬಗಲಿಗಿಟ್ಟುಕೊಂಡು ಗೂಡ್ಸ್ ಶೆಡ್ಡಿನ ಬೆಂಚಿಗೆ ಹೋದ. ಎಂಟು ದಿನ ಕಳೆಯಿತು. ಬೆಂಚಿನ ಮೇಲೆ ಅವನಿಗೆ ನಿದ್ದೆ ಬರಲಿಲ್ಲ. ಇತ್ತ ಮನೆಯಲ್ಲಿ ಕೂಸೂ ಮಲಗಲಿಲ್ಲ. ಹೊಟ್ಟೆ ತುಂಬ ಹಾಲು ಕುಡಿಯುತ್ತಿತ್ತು, ಮೈ ತುಂಬಿಕೊಂಡಿತ್ತು, ಡಾಕ್ಟರು ಏನೂ ತೊಂದರೆಯಿಲ್ಲ ಎಂದಿದ್ದರು. ಆದರೆ ತೊಟ್ಟಿಲಿಗೆ ಹಾಕಿದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು.

ಒಂಬತ್ತನೆಯ ದಿನ ರಜೆ ಹಾಕಿ ಬೆಳಿಗ್ಗೆ ಮನೆಗೆ ಬಂದರೆ ವೆಂಕಟರತ್ನಮ್ಮ ಕೆಂಪು ಕಣ್ಣು ಮಾಡಿಕೊಂಡು ಕೂತಿದ್ದಳು.

"ಸಾಯಂಕಾಲದ ರೈಲಿಗೆ ಅಪ್ಪ ಬತ್ತಾರೆ. ಅಷ್ಟೊತ್ಗೆ ಮಗ ಮಲಗಲಿಲ್ಲ ಅಂದ್ರೆ ನಾನು ಅವ್ರ ಜೊತೆ ಓಗ್ತೀನಿ. ಅಲ್ಲಿ ತೊಟ್ಲಿಗೆ ಆಕಿದ್ರೆ ಸಾಕು, ಮಲಗ್ತಿತ್ತು. ವರ್ಷ ತುಂಬಿದ ಮ್ಯಾಲೆ ಬತ್ತೀನಿ."

ಬಾಣಂತನದ ಮೂರು ತಿಂಗಳೂ ಕೋದಂಡಪ್ಪ ಭಾನುವಾರ ಹೋಗಿ ಸಂಜೆಗೆ ಬರುತ್ತಿದ್ದವನು. ಮಾವನ ಮನೆ ಚಿನ್ನದ ಅದಿರು ಅರೆಯುವ ಮಿಲ್ಲಿನ ಪಕ್ಕದಲ್ಲೇ ಇತ್ತು. ಅಲ್ಲಿ ಚೆನ್ನಾಗಿದ್ದೀರಾ ಎಂದು ಕೇಳುವುದಕ್ಕೂ ಕೂಗಬೇಕಿತ್ತು. ಈಗ ಮಗ ಅವನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ಆ ಪುಟ್ಟ ಮುಷ್ಟಿಯನ್ನು ಬಿಟ್ಟು ಮತ್ತೊಂದು ಒಂಬತ್ತು ತಿಂಗಳು ಇರುವುದು ಅವನಿಂದ ಸಾಧ್ಯವೇ ಇರಲಿಲ್ಲ.

"ನೀನು ಒಳಗೋಗಿ ಮಲಕ್ಕೋ ರತ್ನಾ. ಇವತ್ತು ಮಗನ್ನ ನಾನು ನೋಡ್ಕೊಂತೀನಿ" ಎಂದ.

ಅವಳು ಒಳಗೆ ಹೋದದ್ದೇ ತಡ, ಅಕ್ಕಯ್ಯಮ್ಮ ಹಾಜರಾದಳು. "ಸದ್ದು ಕಣಪ್ಪಾ! ಮನೇಲಿ ಸದ್ದು ಜಾಸ್ತಿ ಆಗಿ ಮಗ ಎದ್ದೇಳ್ತದೆ."

ಕೋದಂಡಪ್ಪ ಗೋಡೆ ಗಡಿಯಾರ ನಿಲ್ಲಿಸಿದ. ಕೂಸು ಅತ್ತಿತು. ಪಕ್ಕದ ಮನೆಯ ಟೈಲರ್ ಕುಪ್ಪುಸ್ವಾಮಿಗೆ ಕೈಮುಗಿದು ಮಿಷನ್ನು ನಿಲ್ಲಿಸಲು ಬೇಡಿಕೊಂಡ.

"ಹಬ್ಬದ ಬಟ್ಟೆ ಸಾರ್, ನಾಳೆ ಕೊಡಬೇಕು" ಎಂದ ಕುಪ್ಪುಸ್ವಾಮಿ. ಆದರೂ ಒಳ್ಳೆಯವನು, "ಪಾವಂ, ಕೊಳಂದೆ" ಎಂದು ತಮಿಳಿನಲ್ಲಿ ಕೂಸಿಗಾಗಿ ಮರುಗಿ ಸೂಜಿ ದಾರ ಹಿಡಿದು ಕೈಹೊಲಿಗೆಗೆ ಕೂತ. ಕೂಸು ಇನ್ನೂ ಜೋರಾಗಿ ಅತ್ತಿತು. ಅಕ್ಕಯ್ಯಮ್ಮ ತನ್ನ ಎಮ್ಮೆಯ ಕೊರಳಗಂಟೆಗೆ ಹಳೆ ಸೀರೆಯ ಚೂರು ತುರುಕಿ ಬಂದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ತುದಿಗಾಲಲ್ಲಿ ನಡೆಯುತ್ತಿತ್ತು, ಸೊಪ್ಪು ಮಾರುವವಳು ಕೂಡ ಪಿಸುಮಾತಿನಲ್ಲಿ ಸೊಪ್ಪು ಮಾರಿದಳು. ಆ ನಿಶ್ಶಬ್ದದ ನಡುವೆ ಕೂಸಿನ ದನಿಯೊಂದೇ ಕೇಳುತ್ತಿತ್ತು.

"ಅಂಗಾದ್ರೆ ದೃಷ್ಟಿಯೇ" ಎಂದು ಅಕ್ಕಯ್ಯಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಬಾಗಿಲಾಚೆ ಕೆಂಡಕ್ಕೆ ಹಾಕಿದಳು. ಘಾಟು ಎದ್ದಿತು ನೋಡಿ! ಅಕ್ಕಯ್ಯಮ್ಮ, ಕುಪ್ಪುಸ್ವಾಮಿ, ಸೊಪ್ಪಿನವಳು, ಕೋದಂಡಪ್ಪ, ಎಲ್ಲರೂ ಎದೆ ಹಿಡಿದುಕೊಂಡು ಖೊರ್ ಖೊರ್ ಎಂದು ಕೆಮ್ಮತೊಡಗಿದರು. ನಡುಮನೆಯಲ್ಲಿ ಕೂಸು ಗಪ್ಪೆಂದು ಸುಮ್ಮನಾಯಿತು, ಕಣ್ಣು ಅರೆಮುಚ್ಚಿತು. ಕೆಮ್ಮು ನಿಂತಿತು. ಕೂಸು ಮತ್ತೆ ಶುರುಮಾಡಿತು.

"ಇಷ್ಟು ಘಾಟು ಬಂದ ಮ್ಯಾಲೆ ದೃಷ್ಟಿ ಇಲ್ಲ ಬಿಡು" ಎಂದು ಕಣ್ಣೊರೆಸಿಕೊಂಡು ಅಕ್ಕಯ್ಯಮ್ಮ ಮನೆಗೆ ನಡೆದಳು. "ಕೂಸಿಗೆ ನೀನೇ ಆಗಿಬರಾಕಿಲ್ಲ ಅಂತ ಕಾಣ್ತದೆ."

ಆ ಮಾತು ಕೋದಂಡಪ್ಪನ ಮನಸ್ಸಿಗೆ ಚುಚ್ಚಿತು. ಮಗನನ್ನು ಎತ್ತಿಕೊಂಡು ಮನೆಯುದ್ದಕ್ಕೂ ಓಡಾಡಿದ, ಬಟ್ಟೆ ಬದಲಿಸಿದ, ಮತ್ತೆ ತೊಟ್ಟಿಲಿಗೆ ಹಾಕಿ ತೂಗಿದ. ಸಂಜೆ ನಾಲ್ಕಾಯಿತು. ರೈಲಿಗೆ ಇನ್ನೊಂದೇ ಗಂಟೆ. ಎಂಟು ದಿನದ ನಿದ್ದೆ ಅವನ ರೆಪ್ಪೆಗಳ ಮೇಲೆ ಕೂತಿತ್ತು. "ನಿನ್ನ ಬಿಟ್ಟು ನಾನೆಂಗಿರಲೋ ಮಗನೇ" ಎಂದ, ಕಣ್ಣಲ್ಲಿ ನೀರಾಡಿತು. ಒಂದು ನಿಮಿಷ ಸೊಂಟ ನೆಟ್ಟಗೆ ಮಾಡೋಣವೆಂದು ತೊಟ್ಟಿಲ ಕೆಳಗೆ ಚಾಪೆಯ ಮೇಲೆ ಅಂಗಾತ ಮಲಗಿದ.

ಯಾರೋ ಘೊಳ್ಳೆಂದು ನಕ್ಕದ್ದಕ್ಕೆ ಎಚ್ಚರವಾಯಿತು. ಮಾವ ಮುನಿಸ್ವಾಮಪ್ಪ ಚೀಲ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹೆಂಡತಿ, ಬಾಗಿಲಲ್ಲಿ ಅಕ್ಕಯ್ಯಮ್ಮ ಮತ್ತು ಕುಪ್ಪುಸ್ವಾಮಿ. ಕೋದಂಡಪ್ಪ ಗಾಬರಿಯಿಂದ ಎದ್ದು ಕೂತ.

"ತಪ್ಪಾಯ್ತು ಮಾವ, ಕಣ್ಣು ಅತ್ಕೊಂಡ್ಬಿಡ್ತು."

ಅವನು ಬಾಯಿ ಮುಚ್ಚುವುದಕ್ಕೂ ತೊಟ್ಟಿಲಲ್ಲಿ ಕೂಸು ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ಮಲಗಿ, ಮಲಗಿ! ಗೊರಕೆ ನಿಲ್ಲಿಸಬ್ಯಾಡಿ!" ಎಂದು ಮೂವತ್ತು ವರ್ಷ ಮಿಲ್ಲಿನಲ್ಲಿ ದುಡಿದಿದ್ದ ಮುನಿಸ್ವಾಮಪ್ಪ ತಮ್ಮ ಎಂದಿನ ದನಿಯಲ್ಲಿ ಅಬ್ಬರಿಸಿದರು. "ನಾನು ಬಂದಾಗ ಮಗ ಎಂಗೆ ಮಲಗಿತ್ತು ಗೊತ್ತಾ? ಇದು ಗೊರಕೆ ಅಲ್ಲ ಅಳಿಯಂದ್ರೇ, ನಮ್ಮ ಮಿಲ್ಲು! ಉಟ್ಟಿದಾಗಿಂದ ಈ ಸದ್ದಲ್ಲೇ ಮಲಗಿದ ಮಗ. ಸದ್ದಿಲ್ದೆ ಎಂಗೆ ನಿದ್ದೆ ಬತ್ತದೆ? ಮಿಲ್ಲು ನಿಂತ ದಿನ ನಮಗೇ ಬರಾಕಿಲ್ಲ!"

ಕುಪ್ಪುಸ್ವಾಮಿ ಸೂಜಿ ಚುಚ್ಚಿ ಊದಿದ್ದ ಬೆರಳನ್ನೊಮ್ಮೆ, ಅಕ್ಕಯ್ಯಮ್ಮನನ್ನೊಮ್ಮೆ ನೋಡಿದ. ಅಕ್ಕಯ್ಯಮ್ಮ ಎಮ್ಮೆಯ ಗಂಟೆ ನೆನಪಾದವಳಂತೆ ಅಲ್ಲಿಂದ ಜಾಗ ಖಾಲಿಮಾಡಿದಳು.

"ಅಪ್ಪಾ, ನಾನು ಬರಾಕಿಲ್ಲ. ಇಲ್ಲೇ ಇರ್ತೀನಿ" ಎಂದಳು ವೆಂಕಟರತ್ನಮ್ಮ.

ಕೋದಂಡಪ್ಪ ಎದ್ದು, ನಿಲ್ಲಿಸಿದ್ದ ಗಡಿಯಾರವನ್ನು ಮತ್ತೆ ಓಡಿಸಿದ. ಹೆಂಡತಿ, ಮಗ, ಮೇಲೆ ಮನೆಯಲ್ಲೇ ಹಾಸಿಗೆ! ಇನ್ನು ಎಂಟು ದಿನದ ನಿದ್ದೆಯನ್ನೂ ಒಟ್ಟಿಗೇ ಮಾಡಿಬಿಡುತ್ತೇನೆಂದು ಚಾಪೆಯ ಮೇಲೆ ಮೈಚಾಚಿದ. ಗೊರಕೆ ಹೊರಟಿತು. ಕೂಸು ಮಲಗಿತು. ಎಲ್ಲರೂ ಕಾಫಿ ಕುಡಿದರು.

ಹತ್ತು ನಿಮಿಷ ಕಳೆದಿರಬೇಕು. ನಿದ್ದೆ ಗಾಢವಾಗಿ ಕೋದಂಡಪ್ಪ ಸುಖವಾಗಿ ಮಗ್ಗುಲಾದ. ಮಗ್ಗುಲಾದದ್ದೇ ಗೊರಕೆ ನಿಂತಿತು. ಕೂಸು ಚೀರಿತು. ವೆಂಕಟರತ್ನಮ್ಮ ಓಡಿಬಂದು ಗಂಡನನ್ನು ಅಂಗಾತ ಹೊರಳಿಸಿ, ಭುಜ ಅಲ್ಲಾಡಿಸಿ ಎಬ್ಬಿಸಿದಳು.

"ಇಗೋ, ನೋಡಿ" ಎಂದಳು, ಎಂಟು ದಿನದಲ್ಲಿ ಮೊದಲ ಸಲ ಪ್ರೀತಿಯಿಂದ. "ನೀವು ಎಷ್ಟು ಬೇಕಾದ್ರೂ ಗೊರಕೆ ಒಡೀರಿ. ನಿದ್ದೆ ಮಾತ್ರ ಮಾಡಬ್ಯಾಡಿ."