ಟಾನಿಕ್ಕಿನ ಲೋಟ

ಶಾಲೆಗೆ ಹೆಚ್ಚು ಹೋಗದವರಿಗೆ ದೇವರು ಒಳ್ಳೆಯ ಮೂಗನ್ನಾದರೂ ಕೊಟ್ಟಿರುತ್ತಾನೆ ಎಂದು ನಾನು ನಂಬಿದ್ದೆ. ಹಾಲು ಒಡೆಯುವುದು ನನಗೆ ಮೊದಲೇ ತಿಳಿಯುತ್ತದೆ. ಮುಂಬಯಿ ಬಳಿಯ ಠಾಕುರ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯ ಬೇಳೆ ತಳ ಹಿಡಿಯಿತು ಎಂದೂ ತಿಳಿಯುತ್ತದೆ. ಆ ಮೂಗೇ ಒಂದು ಸಂಜೆ, ತುರ್ಭೆಯ ಬಣ್ಣದ ಕಾರ್ಖಾನೆಯಿಂದ ಬಂದ ಅಳಿಯನ ಅಂಗಿಯಲ್ಲಿ ಸೆರೆಯ ವಾಸನೆ ಹಿಡಿಯಿತು. ಅದು ಥಿನ್ನರ್ ವಾಸನೆ ಎಂದ ಅವನು. ಕುಡಿಯುವವರು ಏನಾದರೊಂದು ಹೇಳಿಯೇ ಹೇಳುತ್ತಾರೆ. ನಾನು ಮಗಳನ್ನು ಕರೆದು, "ಈ ಮನ್ಯಾಗ ಕುಡಿಯೋರರೆ ಇರಬೇಕು, ನಾನರೆ ಇರಬೇಕು" ಎಂದು ಗಂಟು ಕಟ್ಟಲು ಸೀರೆ ಮಡಚತೊಡಗಿದೆ. ಮಗಳು ಗಂಡನೊಡನೆ ಮಾತು ಬಿಟ್ಟಳು. ಕೊನೆಗೆ ಅಳಿಯನೇ ಸೋತು, "ಅತ್ತಿ, ದಿನಾ ಕುಡಿಯೋರದು ರಕ್ತದಾಗ ಗೊತ್ತಾಗ್ತದಂತ. ನಾ ಕೊಡ್ತೀನಿ. ಆದ್ರ ನನ್ನ ಜೋಡಿ ನೀವೂ ಕೊಡ್ರಿ" ಎಂದ. ನನಗೇನು ಭಯ? ಲ್ಯಾಬಿನಲ್ಲಿ ತೋಳು ಚಾಚಿ ಕೂತೆ. ಸೂಜಿ ಕಂಡು ಅವನ ಮುಖ ಬೆಳ್ಳಗಾದಾಗ, ಪಾಪ ಹೊರಬೀಳುತ್ತಿದೆ ಎಂದು ಹಿಗ್ಗಿದ್ದೂ ಹೌದು.

ಅಳಿಯನ ರಿಪೋರ್ಟು ಸ್ವಚ್ಛ. ನನ್ನದನ್ನು ಡಾಕ್ಟರು ಮತ್ತೆ ಮತ್ತೆ ನೋಡಿ, ಲಿವರಿನ ಜೀಜೀಟಿಯೋ ಏನೋ ಏರಿದೆ ಎಂದರು. ಆಮೇಲೆ ದನಿ ಇಳಿಸಿ ಮರಾಠಿಯಲ್ಲಿ, "ಆಜೀ, ಘೇತಾ ಕಾ?" ಎಂದರು. ತಗೋತೀರಾ ಎಂದರೆ ಔಷಧವಲ್ಲದೆ ಮತ್ತೇನು? ದಿನಾ ತಗೋತೀನಿ ಎಂದೆ, ನನ್ನ ಹರಕು ಮರಾಠಿಯಲ್ಲಿ. ಎಷ್ಟು ಎಂದರು. ಮುಂಜಾನೆ ಒಂದು ಲೋಟ, ರಾತ್ರಿ ಒಂದು ಲೋಟ, ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ ಎಂದೆ. ಅಳಿಯ ಕೆಮ್ಮುತ್ತ ಹೊರಗೆ ಹೋದ.

ನಾನು ಹೇಳಿದ್ದು ಮಂಡಿ ನೋವಿಗೆಂದು ಪಕ್ಕದ ಮನೆಯಾಕೆ ತಂದುಕೊಟ್ಟ ಅರಿಷ್ಟವೆಂಬ ಆಯುರ್ವೇದದ ಟಾನಿಕ್ಕಿನ ಮಾತು. ಬಾಟಲಿಯ ಮೇಲೆ ಎರಡು ಚಮಚ ಎಂದಿತ್ತಂತೆ. ಚಮಚದಲ್ಲಿ ಕುಡಿಯುವುದು ಕೂಸುಗಳು ಎಂದು ನಾನು ಲೋಟ ಹಿಡಿದಿದ್ದೆ. ಯಾವ ಔಷಧ ಎಂದು ಕೇಳಿ ತಿಳಿದ ಮೇಲೆ ಡಾಕ್ಟರೇ ಬಿಡಿಸಿ ಹೇಳಿದರು: ಅರಿಷ್ಟ ಹುಳಿಯುವಾಗ ಅದರಲ್ಲಿ ತಾನಾಗಿಯೇ ಮದ್ಯ ಹುಟ್ಟುತ್ತದಂತೆ. "ಬೇರೆ ಕಾರಣವೂ ಇರಬಹುದು. ಮೊದಲು ಅದನ್ನು ಬಿಡಿ, ತಿಂಗಳಾದ ಮೇಲೆ ನೋಡೋಣ" ಎಂದರು ಡಾಕ್ಟರು. ದಿನಾ ಆ ಲೋಟದ ಮೇಲೆಯೇ ಬಾಗುತ್ತಿದ್ದ ನನ್ನ ಮೂಗು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಮನೆಗೆ ಬಂದಮೇಲೆ ಅಳಿಯ ಮಡಚಿಟ್ಟ ಸೀರೆಗಳನ್ನು ನನ್ನ ಮುಂದೆ ತಂದಿಟ್ಟು, "ಅತ್ತಿ, ಗಂಟು ನೀವ ಕಟ್ತೀರೋ, ನಾ ಕಟ್ಲೋ?" ಎಂದ. ಮಗಳು ಆಗ ನಕ್ಕಳು, ಗಂಡನ ಕಡೆ ನೋಡಿ. ಕನ್ನಡಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುವ ಮೊಮ್ಮಗಳು, "ಅಜ್ಜಿ ತೋ ಬೇವಡೀ ನಿಕಲೀ" ಎಂದಳು. ಬೇವಡೀ ಎಂದರೆ ಕುಡುಕಿ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಸೀರೆಗಳನ್ನು ಕಪಾಟಿಗೆ ಸೇರಿಸಿ ಬಾಟಲಿಯನ್ನು ಮೋರಿಗೆ ಸುರಿದೆ.

ತಿಂಗಳಾದ ಮೇಲೆ ಜೀಜೀಟಿ ಇಳಿಯಿತು. ಅಳಿಯ ಎಂದೂ ಕುಡಿದವನಲ್ಲ, ಮಗಳೂ ಅಷ್ಟೇ. ನಮ್ಮ ಮನೆಯಲ್ಲಿ ಕುಡಿತ ಬಿಟ್ಟವಳು ಎಂಬ ಹೆಸರು ನನ್ನೊಬ್ಬಳದೇ.