ಗೋಧಿಯ ಪರವಾಗಿ ನಾಲ್ಕು ಮಾತು

ವಾದ ಮಾಡಲು ಕಲಿತವನನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು. ಬೇರೆ ಯಾರನ್ನೋ ದೂರುವುದಕ್ಕೆ ಹೇಳುತ್ತಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಪಳಗಿದವನ ಸ್ವಂತ ಅನುಭವ ಇದು. ಅಲ್ಲಿ ನಮ್ಮ ಅಭಿಪ್ರಾಯವೇನೆಂದು ಯಾರೂ ಕೇಳುವುದಿಲ್ಲ. ಚೀಟಿ ಎತ್ತಬೇಕು, ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಪಾನನಿರೋಧವಿಲ್ಲದೆ ದೇಶಕ್ಕೆ ಉಳಿವಿಲ್ಲವೆಂದು ಈ ವಾರ ಮೇಜು ಗುದ್ದಿದವನು, ಪಾನನಿರೋಧದಿಂದಲೇ ದೇಶ ಹಾಳಾಯಿತೆಂದು ಮುಂದಿನ ವಾರ ಅದೇ ಮೇಜನ್ನು ಗುದ್ದಬೇಕು. ಹೀಗೆ ತರಬೇತಾದ ನಾಲಗೆ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಕಾಪುವಿನ ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ಅದರಿಂದ ತಪ್ಪಿಸಿಕೊಳ್ಳಲು ಒಂದೊಂದು ದಾರಿ ಹುಡುಕಿದ್ದರು. ಅಪ್ಪ ಪತ್ರಿಕೆ ಬಿಡಿಸಿ ಅದರ ಹಿಂದೆ ಮರೆಯಾಗುತ್ತಿದ್ದರು. ಅಮ್ಮ ನನ್ನ ಎರಡನೆಯ ವಾಕ್ಯಕ್ಕೇ ಮೀನಿನ ಸಾರು ತಳ ಹಿಡಿಯುತ್ತಿದೆ ಎಂದು ಎದ್ದು ಹೋಗುತ್ತಿದ್ದಳು. ಮೀನು ತರದ ದಿನವೂ ಅದು ತಳ ಹಿಡಿಯುತ್ತಿತ್ತು.

ಕುಳಿತು ಕೇಳುತ್ತಿದ್ದವಳು ಸೆವ್ರಿನ್ ಮಾವ್ಶಿ ಒಬ್ಬಳೇ. ಮಾವ್ಶಿ ಎಂದರೆ ಅಮ್ಮನ ಅಕ್ಕ. ಮದುವೆಯಾಗದೆ ನಮ್ಮ ಜೊತೆಯಲ್ಲೇ ಇದ್ದು ಊರವರ ರವಿಕೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರವನ್ನು ಮೆಲ್ಲಗೆ ತುಳಿಯುತ್ತ ನನ್ನ ಭಾಷಣವನ್ನು ಕೊನೆಯವರೆಗೆ ಕೇಳಿ, ನೂಲನ್ನು ಹಲ್ಲಿನಿಂದ ಕಡಿದು, “ನೀನು ಹೇಳುವುದರಲ್ಲಿ ಸತ್ಯ ಉಂಟು, ವಲ್ಲಿ” ಎನ್ನುತ್ತಿದ್ದಳು. ಅದನ್ನು ನಾನು ಚಪ್ಪಾಳೆಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ನಂಬುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ಚರ್ಚಾಕೂಟದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವ ರೂಢಿ ಇರಲಿಲ್ಲವಲ್ಲ!

ಆ ದಿನಗಳಲ್ಲಿ ರೇಷನ್ ಅಂಗಡಿಯವರು ಅಕ್ಕಿಯ ಪಾಲನ್ನು ಕಡಿಮೆ ಮಾಡಿ ಗೋಧಿ ಕೊಡಲು ಸುರುಮಾಡಿದ್ದರು. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ನಮ್ಮ ಕರಾವಳಿಗೆ ಅದು ಕರೆಯದೆ ಬಂದ ನೆಂಟ. ಅಮ್ಮ ಅದನ್ನು ಅಕ್ಕಿಯಂತೆಯೇ ಬೇಯಲಿಟ್ಟಳು. ಮಧ್ಯಾಹ್ನವಾದರೂ ಅದು ಮೆತ್ತಗಾಗಲು ಒಪ್ಪಲಿಲ್ಲ. ಚಪಾತಿ ಎಂದು ಬಡಿಸಿದ್ದನ್ನು ಅಪ್ಪ ಬೆಳಕಿಗೆ ಹಿಡಿದು, “ಇದಕ್ಕೆ ನಾಲ್ಕು ಮೊಳೆ ಹೊಡೆದರೆ ನನ್ನ ಚಪ್ಪಲಿಗೆ ಆದೀತು” ಎಂದರು. ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಅಲ್ಲಿಯ ತನಕ ಗೋಧಿಗೆ ಇದ್ದ ಕೆಲಸ ಒಂದೇ. ಕ್ರಿಸ್‌ಮಸ್ಸಿಗೆ ಎರಡು ವಾರ ಇರುವಾಗ ತೆಂಗಿನ ಗೆರಟೆಗಳಿಗೆ ಮಣ್ಣು ತುಂಬಿ, ಗೋಧಿ ಬಿತ್ತಿ, ಅದರ ಎಳೆಹುಲ್ಲನ್ನು ಗೋದಲಿಯಲ್ಲಿ ಬಾಲಯೇಸುವಿನ ಸುತ್ತಲಿನ ಕುರಿಗಳ ಮುಂದೆ ಇಡುವುದು. ಮಣ್ಣಿನ ಕುರಿಗಳು ಅದನ್ನು ತಿನ್ನುತ್ತಿರಲಿಲ್ಲ. ಅವುಗಳ ಆರೋಗ್ಯ ಕೊನೆಯವರೆಗೂ ಚೆನ್ನಾಗಿಯೇ ಇತ್ತು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಕಾರ್ಕಳದಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ. ವಿಷಯ: ಅನ್ನಕ್ಕಿಂತ ಗೋಧಿಯೇ ಮೇಲು. ನನ್ನ ಚೀಟಿಯಲ್ಲಿ ಬಂದದ್ದು ‘ಪರ’. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಪ್ರಕೃತಿ ಚಿಕಿತ್ಸೆಯ ಹಳೆಯ ಪುಸ್ತಿಕೆಯೊಂದನ್ನು ಕೊಂಡುಕೊಂಡೆ. ಗೋಧಿಯ ಮೊಳಕೆಯಲ್ಲಿ ಜೀವಶಕ್ತಿ, ಗೋಧಿಹುಲ್ಲಿನ ರಸದಲ್ಲಿ ಹೊಸರಕ್ತ ಎಂದೆಲ್ಲ ಅದರಲ್ಲಿತ್ತು. ಪ್ರಾಮಾಣಿಕತೆಗಾಗಿ ಒಂದು ಚಮಚ ಮೊಳಕೆಯನ್ನು ಬಾಯಿಗೆ ಹಾಕಿ ನೋಡಿದೆ; ಅಗಿದಂತೆಲ್ಲ ಅಂಟಿನ ಉಂಡೆಯಾಯಿತು. ಕಿಟಕಿಯಿಂದ ಉಗುಳಿ ಭಾಷಣ ಬರೆಯಲು ಕೂತೆ. ಆಮೇಲೆ ಪ್ರತಿ ಸಂಜೆ ಮಾವ್ಶಿಯ ಎದುರು ಅಭ್ಯಾಸ. “ಹುಲ್ಲು ತಿಂದೇ ಅಲ್ಲವೇ ಎತ್ತು ಗಾಡಿ ಎಳೆಯುವುದು?” ಎಂದು ನಾನು ಕೈ ಬೀಸಿದಾಗ ಮಾವ್ಶಿ ಯಂತ್ರ ನಿಲ್ಲಿಸಿ ಯೋಚಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾರ್ಕಳದಲ್ಲಿ ನನಗೆ ಮೊದಲ ಬಹುಮಾನವಾಗಿ ಒಂದು ಹಿತ್ತಾಳೆಯ ಕಪ್ಪು ಬಂತು. ಸ್ಪರ್ಧೆ ಮುಗಿದ ಮೇಲೆ ಅಲ್ಲಿಯ ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದು, ಗೋಧಿಯನ್ನು ಅಲ್ಲಿಗೇ ಮರೆತು ಬಸ್ಸು ಹತ್ತಿದೆ.

ಮಾವ್ಶಿ ಮರೆಯಲಿಲ್ಲ. ಗೋಧಿಯನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಮೂಗು ಹೊರಹಾಕಿದ ಮೇಲೆ ದಿನಾ ಬೆಳಿಗ್ಗೆ ಒಂದು ಬಟ್ಟಲು ಬೆಲ್ಲದ ಜೊತೆ ಅಗಿಯತೊಡಗಿದಳು. ಡಿಸೆಂಬರ್ ಬಂದಾಗ ಗೋದಲಿಗೆ ಬೇಕಾದದ್ದಕ್ಕಿಂತ ನಾಲ್ಕು ಪಾಲು ಹೆಚ್ಚು ಗೆರಟೆಗಳು ಜಗಲಿಯುದ್ದಕ್ಕೂ ಕೂತವು. ಅವುಗಳಲ್ಲಿ ಬೆಳೆದ ಹುಲ್ಲನ್ನು ಜಜ್ಜಿ, ರವಿಕೆಯ ಅಸ್ತರಿನ ತುಂಡಿನಲ್ಲಿ ಹಿಂಡಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಎದುರುಮನೆಯ ಲೂಸಿ ಬಾಯಿ ಬೇಲಿಯಾಚೆಯಿಂದ, “ಎಂತ ಸೆವ್ರಿನ್, ದನ ಕಟ್ಟುವುದು ಬಿಟ್ಟು ನೀನೇ ಹುಲ್ಲಿಗೆ ಬಾಯಿ ಹಾಕಿದ್ದಾ?” ಎಂದು ಕೇಳಿದರೆ, “ನಗಬೇಡ ಮಾರಾಯ್ತಿ, ನಮ್ಮ ವಲ್ಲಿ ಇದಕ್ಕೆ ಕಪ್ಪು ತಂದಿದ್ದಾನೆ” ಎನ್ನುತ್ತಿದ್ದಳು.

ಹೊಸವರ್ಷದ ಹೊತ್ತಿಗೆ ಮಾವ್ಶಿಗೆ ಹೊಟ್ಟೆ ಉಬ್ಬರ, ಭೇದಿ, ಸುಸ್ತು. ಪುಸ್ತಿಕೆ ತೆರೆದು ನೋಡಿದೆ. ಮೈಯೊಳಗಿನ ವಿಷ ಹೊರಹೋಗುವಾಗ ಹೀಗಾಗುವುದು ಒಳ್ಳೆಯ ಲಕ್ಷಣ ಎಂದಿತ್ತು. ಹಾಗೆಂದು ನಾನು ಬಹಳ ಚೆನ್ನಾಗಿ ವಾದಿಸಿದೆ. ಮಾವ್ಶಿ ಒಪ್ಪಿ ಇನ್ನರ್ಧ ಲೋಟ ಹೆಚ್ಚು ಕುಡಿದಳು. ಊರಿಗೆಲ್ಲ ಅಳತೆ ಹಿಡಿಯುವವಳು ತನ್ನ ರವಿಕೆಯ ಹೊಲಿಗೆಯನ್ನೇ ಎರಡು ಸಲ ಬಿಚ್ಚಿ ಒಳಗೆ ಹೊಲಿದುಕೊಂಡ ಮೇಲೆ ಅಮ್ಮ ಸಿಡಿದಳು. “ವಿಷ ಹೋಗಿ ಹೋಗಿ ನನ್ನ ಅಕ್ಕನೇ ಅರ್ಧ ಹೋದಳು! ನಿನ್ನ ಕಪ್ಪು ತಕೊಂಡು ಹೋಗಿ ಬಾವಿಗೆ ಹಾಕು. ನಾಳೆ ಬೆಳಿಗ್ಗೆ ಮಣಿಪಾಲಕ್ಕೆ ಹೊರಡುವುದು. ನೀನೂ ಬಾ, ಬಾಯಿ ಮಾತ್ರ ಇಲ್ಲೇ ಬಿಟ್ಟು ಬಾ.”

ಆಸ್ಪತ್ರೆಯ ಡಾಕ್ಟರು ಕಡಿಯಾಳಿ ಕಡೆಯ ತರುಣರು. ಎಲ್ಲ ಪರೀಕ್ಷೆ ಮಾಡಿ, ಮಾವ್ಶಿ ಏನೇನು ತಿನ್ನುತ್ತಾಳೆಂದು ಕೇಳಿ ತಿಳಿದು, ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಪದಾರ್ಥ ಇರುತ್ತದೆ, ಕೆಲವರ ಕರುಳಿಗೆ ಅದು ಆಗಿಬರುವುದಿಲ್ಲ ಎಂದರು. “ಇದು ಈಚೆಗೆ ತಿಳಿದ ವಿಷಯ. ನಾನೂ ಓದಿದ್ದು ಮಾತ್ರ, ಕಂಡದ್ದಿಲ್ಲ. ಗೋಧಿ ಪೂರ್ತಿ ಬಿಡಿ ಅಮ್ಮಾ, ಗಂಜಿ ಕುಡಿಯಿರಿ. ಗುಣ ಕಂಡರೆ ಅದೇ ಎಂದು ಲೆಕ್ಕ.” ಬಾಯಿಯನ್ನು ಮನೆಯಲ್ಲಿ ಬಿಟ್ಟುಬರಲು ನನಗೆ ಸಾಧ್ಯವಾಗಿರಲಿಲ್ಲ. “ಆ ಅಂಟು ಇರುವುದು ಕಾಳಿನಲ್ಲಿ ತಾನೇ ಡಾಕ್ಟ್ರೇ? ಮೊಳಕೆಯ ಮಾತು ಬಿಡುವ. ಆದರೆ ಹುಲ್ಲಿನ ಎಲೆಯ ಮೇಲೆ ಎಂತ ಆರೋಪ?” ಎಂದೆ. ಡಾಕ್ಟರು ಸಂತೋಷಪಟ್ಟು, “ಒಳ್ಳೆಯ ಪ್ರಶ್ನೆ. ಬರೀ ಎಲೆಯಾದರೆ ನೀವು ಹೇಳಿದ್ದು ಸರಿ ಇರಬಹುದು. ಎಲೆ ಕತ್ತರಿಸಿದ್ದು ಹೇಗೆ?” ಎಂದು ಮಾವ್ಶಿಯ ಕಡೆ ತಿರುಗಿದರು. “ಕತ್ತರಿಸುವುದು ಯಾಕೆ? ಬುಡದಿಂದ ಕಿತ್ತು ತೊಳೆದು, ಬೇರು, ಕಾಳು ಎಲ್ಲ ಸೇರಿಸಿಯೇ ಜಜ್ಜುವುದು. ಕಾಳು ಬಿಸಾಡಿದರೆ ಪಾಪ ಅಲ್ವಾ?” ಎಂದಳು ಮಾವ್ಶಿ. ನಾನು ಕುಳಿತುಕೊಂಡೆ.

ಹೊರಡುವಾಗ ಮಾವ್ಶಿ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: “ಡಾಕ್ಟ್ರೇ, ಒಸ್ತಿ?” ಪೂಜೆಯಲ್ಲಿ ಪಾದ್ರಿಗಳು ಯೇಸುವಿನ ದೇಹವೆಂದು ನಾಲಗೆಯ ಮೇಲೆ ಇಡುವ ತೆಳ್ಳಗಿನ ಬಿಳಿ ರೊಟ್ಟಿ ಅದು, ಗೋಧಿಯದೇ ಆಗಬೇಕೆಂದು ಕಟ್ಟಳೆ. ಅಮ್ಮ ವಿವರಿಸಿದ ಮೇಲೆ ಡಾಕ್ಟರು, “ಸದ್ಯಕ್ಕೆ ಗೋಧಿ ಎಂದರೆ ಯಾವ ಗೋಧಿಯೂ ಬೇಡ ಅಮ್ಮಾ” ಎಂದರು. ಮಾವ್ಶಿ ತಲೆಯಾಡಿಸಿದಳು.

ಗಂಜಿಗೆ ಮರಳಿ ಕೆಲವು ವಾರಗಳಲ್ಲಿ ಹೊಟ್ಟೆ ಸುಧಾರಿಸಿತು. ಆದರೆ ಭಾನುವಾರಗಳು ಕೆಟ್ಟವು. ಒಸ್ತಿ ಹಂಚುವ ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಪೀಠದ ಮುಂದಿನ ಕಟಕಟೆಯ ಬಳಿ ಮೊಣಕಾಲೂರುವಾಗ ಮಾವ್ಶಿ ತನ್ನ ಜಾಗದಲ್ಲೇ ಕೂತಿರುತ್ತಿದ್ದಳು. ಹಾಗೆ ಕೂರುವುದಕ್ಕೆ ಆ ದಿನಗಳಲ್ಲಿ ಊರಿಗೆ ತಿಳಿದ ಅರ್ಥ ಒಂದೇ: ಪಾದ್ರಿಗಳ ಕಿವಿಗೂ ಹೇಳಲಾಗದ ಯಾವುದೋ ದೊಡ್ಡ ಪಾಪ. ಮೂರನೆಯ ಭಾನುವಾರ ಲೂಸಿ ಬಾಯಿ, “ಸೆವ್ರಿನಿಗೆ ಎಂತ ಆದದ್ದು? ಅದೂ ಈ ಪ್ರಾಯದಲ್ಲಿ!” ಎಂದು ಅಮ್ಮನನ್ನು ಇಗರ್ಜಿಯ ಮೆಟ್ಟಿಲಲ್ಲೇ ಕೇಳಿದಳು. ರವಿಕೆ ಹೊಲಿಯಲು ಕೊಟ್ಟಿದ್ದ ಇಬ್ಬರು ಬಟ್ಟೆಯನ್ನು ವಾಪಸು ಒಯ್ದರು. “ಹೊಟ್ಟೆ ಸರಿಯಿಲ್ಲ ಎಂದು ಹೇಳಿಬಿಡು ಮಾವ್ಶಿ” ಎಂದೆ. “ಯೇಸುವನ್ನು ತಿಂದರೆ ನನಗೆ ಹೊಟ್ಟೆನೋವು ಎಂದು ಹೇಳುವುದಾ? ಅದಕ್ಕಿಂತ ಪಾಪ ಮಾಡಿದ್ದೇನೆ ಎಂದೇ ಇರಲಿ” ಎಂದಳು. ನನಗೆ ಆಗ ದೇವರ ಬಗ್ಗೆಯೂ ಪರ ವಿರೋಧ ಎರಡೂ ಸಿದ್ಧವಾಗಿದ್ದವು.

ಪಾದ್ರಿಗಳನ್ನು ಸೋಲಿಸಿಯೇ ಬರುವುದೆಂದು ಹೊರಟೆ. ಯೇಸುವಿನ ಊರಲ್ಲಿ ಗೋಧಿ ಇತ್ತು, ಆದ್ದರಿಂದ ಒಸ್ತಿಗೆ ಗೋಧಿ. ಆತನು ನಮ್ಮ ಪಕ್ಕದ ಎರ್ಮಾಳಿನಲ್ಲಿ ಹುಟ್ಟಿದ್ದರೆ ಅಕ್ಕಿರೊಟ್ಟಿಯನ್ನೇ ಮುರಿಯುತ್ತಿರಲಿಲ್ಲವೇ ಎಂಬಲ್ಲಿಂದ ಸುರುಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮುದಿ ಪಾದ್ರಿಗಳು ನಶ್ಯದ ಡಬ್ಬಿ ಮುಚ್ಚಿ, “ಆಯ್ತಾ? ಅಕ್ಕಿಯದ್ದು ಮಾಡಲು ನನಗೆ ಅಧಿಕಾರ ಇಲ್ಲ ಮಾರಾಯ. ಆದರೆ ಒಸ್ತಿಯ ಒಂದು ಚೂರಿನಲ್ಲೂ ಆತನು ಪೂರ್ತಿ ಇದ್ದಾನೆ. ನಾನು ಒಂದು ಸಾಸಿವೆಯಷ್ಟು ಮುರಿದು ಇಡುತ್ತೇನೆ. ಅಷ್ಟು ಆಗಬಹುದಾ ಎಂದು ನಿನ್ನ ಡಾಕ್ಟರನ್ನು ಕೇಳಿಕೊಂಡು ಬಾ. ವಿಷಯ ಇಷ್ಟೇ ಇದ್ದದ್ದು, ಒಂದು ತಿಂಗಳಿಂದ ಯಾಕೆ ಹೇಳಲಿಲ್ಲ?” ಎಂದರು. ನಾನು ಸಿದ್ಧಮಾಡಿದ್ದ ಖಂಡನೆ ಹಾಗೇ ಉಳಿಯಿತು. ಮಣಿಪಾಲಕ್ಕೆ ಹೋಗಿ ಕೇಳಿದಾಗ ಡಾಕ್ಟರು, “ಸಾಸಿವೆಯಷ್ಟಾ? ನೋಡುವ. ತೊಂದರೆ ಕಂಡರೆ ಕೂಡಲೇ ನಿಲ್ಲಿಸಿ ಬನ್ನಿ” ಎಂದರು.

ಆ ಭಾನುವಾರ ಮಾವ್ಶಿ ಎದ್ದಳು. ಇಗರ್ಜಿಯ ಅರ್ಧ ಕತ್ತುಗಳು ಅವಳ ಜೊತೆಗೇ ತಿರುಗಿದವು. ಪಾದ್ರಿಗಳು ಒಸ್ತಿಯಿಂದ ಒಂದು ಚೂರು ಮುರಿದದ್ದು, ಅವಳ ತಲೆಯ ಸೆರಗು ಬಾಗಿದ್ದು ನನಗೆ ಕಂಡಿತು. ಒಂದು ವಾರ ಅಮ್ಮ ಅವಳ ಹೊಟ್ಟೆಯನ್ನು ದಿನಕ್ಕೆ ಮೂರು ಸಲ ವಿಚಾರಿಸಿದಳು. ಹೊಟ್ಟೆ ಸುಮ್ಮನಿತ್ತು. ಮುಂದಿನ ವಾರವೂ ಸುಮ್ಮನಿತ್ತು. ಒಳಗೆ ಹೊಲಿದುಕೊಂಡ ರವಿಕೆಯ ಹೊಲಿಗೆಯನ್ನು ಮಾವ್ಶಿ ಬಿಚ್ಚಲು ಕೂತ ದಿನ ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಹಾಡುತ್ತಿದ್ದಳು.

ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಶನಿವಾರ ಪಾಪನಿವೇದನೆಗೆ ಹೋಗಿ, ಮಾವ್ಶಿಯ ಇಷ್ಟೆಲ್ಲ ಸಂಕಟಕ್ಕೆ ನಾನೇ ಕಾರಣ, ಉಗುಳಿದ್ದನ್ನು ಹೊಗಳಿ ತಿನ್ನಿಸಿದೆ ಎಂದು ಜಾಲರಿಯಾಚೆ ಕೂತ ಪಾದ್ರಿಗಳಿಗೆ ಹೇಳಿದೆ. “ಗೊತ್ತಿಲ್ಲದೆ ಆದದ್ದು. ಕೊಲ್ಲಬೇಕೆಂದು ಮಾಡಿದ್ದಲ್ಲವಲ್ಲ, ಅಂಥ ಪಾಪ ಅಲ್ಲ” ಎಂದರು ಪಾದ್ರಿಗಳು. ಅಲ್ಲ ಎಂದರೆ ಹೇಗೆ? ನಾನು ದೊಡ್ಡ ಪಾಪಿಯೇ ಎಂದು ಉದಾಹರಣೆಗಳ ಸಮೇತ ಕಾಲು ಗಂಟೆ ವಾದಿಸಿದೆ. ಹಿಂದೆ ಸರತಿಯಲ್ಲಿದ್ದವರು ಕೆಮ್ಮತೊಡಗಿದರು. ನಾನು ಏನೆಲ್ಲ ಮಾಡಿರಬಹುದೆಂದು ಅವರ ನಡುವೆ ಇದ್ದ ಲೂಸಿ ಬಾಯಿ ಎಣಿಸುತ್ತಿದ್ದಿರಬೇಕು. ಕೊನೆಗೆ ಪಾದ್ರಿಗಳು, “ನಿನ್ನ ವಾದ ಬಿದ್ದುಹೋಯಿತು ಮಾರಾಯ, ಎದ್ದು ಮನೆಗೆ ಹೋಗು” ಎಂದು ಕಿಟಕಿ ಮುಚ್ಚಿದರು. ಸೋತು ಹೊರಬಂದೆ. ಸೋಲುವುದು ಇಷ್ಟು ಹಗುರವಾದ ಕೆಲಸವೆಂದು ಗೊತ್ತಿದ್ದರೆ ಎಂದೋ ಅದರ ಪರವಾಗಿ ಮಾತನಾಡಬಹುದಿತ್ತು.